ಟೈಲಕ್ಕ ಕಟ್ಟಿದ ಊರು

ಅವಳಿಗೆ ಟೈಲಕ್ಕ ಎಂದು ಹೆಸರಿಟ್ಟವಳು ತಂಗಿಯೇ. ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಪೆಟ್ಟಿಗೆಗಳ ನಕ್ಷೆ ಬರೆದ ಅಕ್ಕ, ಕಾರ್ಖಾನೆ ಮುಚ್ಚಿದ ಮೇಲೆ ಅಡುಗೆಮನೆಯ ಮೇಜಿನ ಮೇಲೆ ಹಳೇ ಕಂಪ್ಯೂಟರ್ ಇಟ್ಟುಕೊಂಡು ವಿಡಿಯೊ ಗೇಮಿಗೆಂದು ಊರೊಂದನ್ನು ಕಟ್ಟಲು ಕೂತಳು. ಮಹಡಿಯಿಂದ ಓರೆಯಾಗಿ ಇಣುಕಿದರೆ ಕಾಣುವಂಥ ಊರು. ನೆಲಕ್ಕೆ ಜೋಡಿಸುವ ಚಿತ್ರದ ತುಂಡಿಗೆ ಟೈಲು ಎಂದು ಹೆಸರು; ಒಂದೊಂದು ಟೈಲೂ ವಜ್ರಾಕೃತಿ, ಅಗಲ ಎತ್ತರದ ಎರಡರಷ್ಟು. ಪರದೆಯ ಒಂದು ಚುಕ್ಕೆ ಹೆಚ್ಚುಕಮ್ಮಿಯಾದರೆ ಬೀದಿಯುದ್ದಕ್ಕೂ ಬಿರುಕು. ಎರಡು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಾನೂರು ಟೈಲು ಬರೆದಳು.

ತಂಗಿ ಗೇಮ್ ಕಂಪನಿಯೊಂದರಲ್ಲಿ ಫೋನ್ ಎತ್ತುವ ಕೆಲಸದಲ್ಲಿದ್ದಳು. ಅಲ್ಲಿ ಇಂಥ ಊರುಗಳ ನಕ್ಷೆ ಬರೆಯುವವರ ಒಂದು ಜಾಗ ಖಾಲಿಯಾಯಿತು. ಅಕ್ಕನಿಗೆ ಆ ಕೆಲಸದ ಮೇಲೆ ಜೀವ.

"ನಿನ್ನ ಊರನ್ನ ನಾನೇ ತಗೊಂಡ್ಹೋಗಿ ತೋರಿಸ್ತೀನಿ, ನೀನು ಸುಮ್ನಿರು," ಎಂದಳು ತಂಗಿ. ಸುಮ್ಮನಿದ್ದಳು ಮಹಾತಾಯಿ.

ಮುಂದಿನ ಭಾನುವಾರ ತಂಗಿ ಪಕ್ಕಕ್ಕೆ ಬಂದು ಕೂತಳು. "ಅಕ್ಕ, ಗೋಡೆ ಹಿಂದೆ ಹೋದ ಮನುಷ್ಯ ಮರೆಯಾಗ್ತಾನಲ್ಲ, ಅದು ಹೇಗೆ?"

"ಮೊದಲು ನಾನೂ ಬೇಸ್ತು ಬಿದ್ದಿದ್ದೆ ಕಣೇ. ಯಾರು ಮುಂದೆ, ಯಾರು ಹಿಂದೆ ಅಂತ ಗೋಡೆಯ ನಡುಮಧ್ಯದಿಂದ ಲೆಕ್ಕ ಹಿಡಿದಿದ್ದೆ. ಜನ ಎಲ್ಲ ಚಾವಣಿ ಮೇಲೆ ಓಡಾಡ್ತಿದ್ರು. ಬುಡದಿಂದ ಹಿಡೀಬೇಕು. ಯಾರ ಬುಡ ಪರದೆಯಲ್ಲಿ ಕೆಳಗಿದೆಯೋ ಅವರು ಮುಂದೆ, ಅಷ್ಟೇ."

ತಂಗಿ ಬರೆದುಕೊಂಡಳು, ಮತ್ತೆ ಮತ್ತೆ ಕೇಳಿದಳು. ಇಷ್ಟು ದಿನಕ್ಕೆ ಮನೆಯವರೊಬ್ಬರಿಗಾದರೂ ತನ್ನ ಕೆಲಸ ಬೇಕಾಯಿತಲ್ಲ ಎಂದು ಅಕ್ಕನ ಹೊಟ್ಟೆ ತಣ್ಣಗಾಯಿತು.

ಹದಿನೈದು ದಿನ ಕಳೆದ ಮೇಲೆ ತಂಗಿ ಕಂಪನಿಯ ಕಾಗದ ತಂದು ಮೇಜಿನ ಮೇಲಿಟ್ಟಳು. ಅಕ್ಕ ಒದ್ದೆ ಕೈ ಒರೆಸಿಕೊಂಡು ಓದಿದಳು. ನಕ್ಷೆಯ ಕೆಲಸ ಸಿಕ್ಕಿತ್ತು. ಹೆಸರು ಮಾತ್ರ ತಂಗಿಯದು.

"ಇದ್ದದ್ದು ಒಂದೇ ಜಾಗ ಅಲ್ವಾ ಅಕ್ಕ. ನೀನು ನಾಲ್ಕು ಜನರ ಮುಂದೆ ಬಾಯಿ ಬಿಡ್ತಿದ್ಯಾ? ಅವರು ಕೇಳಿದ್ದೂ ಆ ಗೋಡೆ ವಿಚಾರಾನೇ. ಪಟಪಟ ಅಂತ ಹೇಳಿಬಿಟ್ಟೆ."

"ಊರು ಯಾರದು ಅಂದೆ?"

"ನಂದು ಅಂದೆ."

ಮುಖದಲ್ಲಿ ಎಳ್ಳಷ್ಟಾದರೂ ಅಳುಕು ಬೇಡವೇ? ನಂಬಿಸಿ ಕತ್ತು ಕೊಯ್ಯುವುದೆಂದರೆ ಇನ್ನೇನು! ಹೊರಗಿನವರಾಗಿದ್ದರೆ ನಾಲ್ಕು ಬೈದು ಹಗುರಾಗಬಹುದಿತ್ತು, ಇವಳು ಒಡಹುಟ್ಟಿದವಳು. ಆ ಭಾನುವಾರ ತಾನು ಪಟ್ಟ ಸಂತೋಷ ನೆನಪಾಗಿ ಅಕ್ಕನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಕಾಗದ ಮಡಿಸಿ ವಾಪಸು ಕೊಟ್ಟಳು.

ಹೊಸ ಕೆಲಸಕ್ಕೆ ಸೇರಿದ ಮೂರನೆಯ ದಿನ ಸಂಜೆ ತಂಗಿ ಚಪ್ಪಲಿ ಬಿಟ್ಟವಳೇ ಸೀದಾ ಅಡುಗೆಮನೆಗೆ ಬಂದಳು. "ಅಕ್ಕ, ನಿನ್ನ ಊರಿಗೆ ಒಂದು ಕೆರೆ ಬೇಕಂತೆ, ನಾಳೆಯೊಳಗೆ. ದಡದ ಟೈಲು ಕೂರಿಸೋದು ಹೇಗೆ?"

ಅಕ್ಕನಿಗೆ ಗೊತ್ತಿತ್ತು. ಹದಿಮೂರು ಟೈಲು ಸಾಕು, ಒಂದು ಗಂಟೆಯ ಕೆಲಸ. ಕೈ ತಾನಾಗಿ ಮೌಸಿನ ಕಡೆಗೆ ಹೋಯಿತು. ಕೈಯನ್ನು ಹಿಂದಕ್ಕೆಳೆದು ಮಡಿಲಲ್ಲಿಟ್ಟುಕೊಂಡಳು.

"ಊರು ನಿಂದಲ್ವೇನೇ? ನನಗೇನು ಗೊತ್ತು?" ಎಂದಳು.

ತಂಗಿ ತಮಾಷೆ ಎಂದುಕೊಂಡು ನಕ್ಕಳು. ಅಕ್ಕನೂ ನಗಲಿ ಎಂದು ಕಾಯುತ್ತ ಬಹಳ ಹೊತ್ತು ಅಲ್ಲೇ ಕೂತಿದ್ದಳು.