ವಾಸನೆ ಹೋದ ಕ್ಷಣ

ಕಳೆದ ವರ್ಷ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ದೋಣಿಗಳು ಮತ್ತೆ ಕಡಲಿಗಿಳಿದಿದ್ದವು. ನಾನು ಬಂದರಿನ ಒಂದು ಮೀನಿನ ಗೋದಾಮಿನಲ್ಲಿ ಬಿಲ್ಲಿಂಗ್ ನೋಡಿಕೊಳ್ಳುತ್ತೇನೆ. ಓದಿದ್ದು ಮಾತ್ರ ರಸಾಯನಶಾಸ್ತ್ರ.

ನಮ್ಮ ಧಣಿ ಹಮೀದಾಕನಿಗೆ ಯಾವ ಕಸವನ್ನೂ ಸುಮ್ಮನೆ ಎಸೆಯಲು ಮನಸ್ಸಿಲ್ಲ. ಒಣಗಿದ ತೆಂಗಿನ ಗೆರಟೆ ಒಲೆಗೆ, ಕ್ಯಾಂಟೀನಿನಲ್ಲಿ ಕರಿದು ಉಳಿದ ಎಣ್ಣೆ ಬಯೋಡೀಸೆಲ್ ಮಾಡುವವರಿಗೆ, ಒದ್ದೆ ಕಸ ಗೋದಾಮಿನ ಹಿಂದಿನ ಬಯೋಗ್ಯಾಸ್ ಟ್ಯಾಂಕಿಗೆ. ಯಾವುದು ಎಲ್ಲಿಗೆ ಎಂದು ಹೇಳಿಕೊಟ್ಟವಳು ನಾನೇ. ನಿಷೇಧದ ಸಮಯದಲ್ಲಿ ಪಿಕಪ್ ಚಾಲಕ ದಿನೇಶ ಉರ್ವ ಮಾರುಕಟ್ಟೆಯಿಂದ ತರಕಾರಿ ಕಸ ತರುತ್ತಿದ್ದ. ನಮ್ಮ ಮಧ್ಯಾಹ್ನದ ಅನ್ನ ಆ ಗ್ಯಾಸಿನಲ್ಲೇ ಬೇಯುತ್ತಿತ್ತು.

ದೋಣಿಗಳು ಬಂದ ಮೇಲೆ ಮೀನಿನ ತಲೆ, ಕರುಳು ಅಂಗಳದಲ್ಲೇ ರಾಶಿ ಬೀಳತೊಡಗಿತು. ಇನ್ನು ಉರ್ವಕ್ಕೆ ಹೋಗುವುದೇಕೆ ಎಂದು ಹಮೀದಾಕ ಅದನ್ನೇ ಟ್ಯಾಂಕಿಗೆ ಸುರಿಸಿದರು. ತರಕಾರಿಯ ಜೊತೆ ಮೀನು ಸ್ವಲ್ಪ ಬೆರೆಸಬಹುದು, ಬರೀ ಮೀನು ಹಾಕಿದರೆ ಟ್ಯಾಂಕ್ ಕೆಡುತ್ತದೆ, ವಿಷಗಾಳಿಯೂ ಹೆಚ್ಚುತ್ತದೆ ಎಂದೆ. ಹಮೀದಾಕ ನಕ್ಕರು.

"ಮೀನಿಲ್ಲದೆ ನಮಗೇ ಊಟ ಇಳಿಯುದಿಲ್ಲ ಮಾರಾಯ್ತಿ. ಟ್ಯಾಂಕಿಗೆ ಎಂತ ದೊಡ್ಡಸ್ತಿಕೆ?"

ಕೆಲವು ದಿನಗಳಲ್ಲಿ ಒಲೆಯ ಉರಿ ಸಣ್ಣಗಾಯಿತು, ಮತ್ತೆ ಹೊತ್ತಿಕೊಳ್ಳಲೇ ಇಲ್ಲ. ಟ್ಯಾಂಕಿನಿಂದ ರಾಡಿ ಹೊರಬರುವ ಗುಂಡಿ ಕಟ್ಟಿಕೊಂಡಿತ್ತು. ಒಂದು ಬೆಳಿಗ್ಗೆ ದಿನೇಶ ಅದರ ಚಪ್ಪಡಿ ಸರಿಸಿದ. ಕೊಳೆತ ಮೊಟ್ಟೆಯ ನಾತ. ಮೀನಿನ ವಾಸನೆಯಲ್ಲೇ ಬೆಳೆದ ನಮ್ಮ ಲೋಡಿಂಗಿನವರೂ ಮೂಗು ಮುಚ್ಚಿಕೊಂಡರು. ಅವನು ಬಿದಿರಿನ ಕೋಲಿನಿಂದ ರಾಡಿ ಕದಡಿದ. ಕಟ್ಟಿಕೊಂಡದ್ದು ಬಿಡಲಿಲ್ಲ. ನಾನು ಬೇಡವೆಂದರೂ ಏಣಿ ಇಳಿಸಿ ಒಂದೆರಡು ಮೆಟ್ಟಿಲು ಇಳಿದ.

"ಈಗ ವಾಸನೆಯೇ ಇಲ್ಲ ಅಕ್ಕ. ಎಲ್ಲ ಹೋಯ್ತು."

ನಿಜ, ನನಗೂ ಬರುತ್ತಿರಲಿಲ್ಲ. ಅಬ್ಬ ಎಂದು ದೀರ್ಘವಾಗಿ ಉಸಿರೆಳೆದುಕೊಂಡೆ. ಆಗ ಕಾಲೇಜಿನ ಪ್ರಯೋಗಾಲಯದಲ್ಲಿ ಹೇಳಿಕೊಟ್ಟದ್ದು ನೆನಪಾಯಿತು: ಕೊಳೆತ ಮೊಟ್ಟೆಯ ನಾತದ ಈ ಅನಿಲ, ಹೈಡ್ರೋಜನ್ ಸಲ್ಫೈಡ್, ಹೆಚ್ಚಾದಾಗ ಮೊದಲು ಮೂಗನ್ನೇ ಕೊಲ್ಲುತ್ತದೆ, ವಾಸನೆಯೇ ತಿಳಿಯದಂತಾಗುತ್ತದೆ. ವಾಸನೆ ಎಲ್ಲಿಗೂ ಹೋಗಿರಲಿಲ್ಲ.

"ಅವನನ್ನು ಎಳೀರಿ. ಯಾರೂ ಕೆಳಗೆ ಇಳೀಬೇಡಿ, ಮೇಲಿಂದಲೇ ಎಳೀರಿ," ಎಂದೆ.

ಅಂಚಿನಲ್ಲಿದ್ದ ಹಮೀದಾಕ ಅವನ ಅಂಗಿಯ ಕಾಲರ್ ಹಿಡಿದದ್ದೂ ಅವನ ಮೊಣಕಾಲು ಮಡಚಿದ್ದೂ ಒಟ್ಟಿಗೇ. ಲೋಡಿಂಗಿನವನೊಬ್ಬ ಓಡಿ ಬಂದು ತೋಳು ಹಿಡಿಯದಿದ್ದರೆ ಇಬ್ಬರೂ ಒಳಗೆ ಬೀಳುತ್ತಿದ್ದರು. ದಿನೇಶನನ್ನು ಬಂದರಿನ ಹೊಳೆಯ ಗಾಳಿ ಬೀಸುವಲ್ಲಿಗೆ ಎಳೆದು ಮಲಗಿಸಿದೆವು. ಕರೆದರೆ ಮಾತಿಲ್ಲ, ಮುಖ ಬೂದಿಯಂತಾಗಿತ್ತು. ಅವನದೇ ಪಿಕಪ್ಪಿನಲ್ಲಿ ಆಸ್ಪತ್ರೆಗೆ ಸಾಗಿಸಿದೆವು.

ಆಮ್ಲಜನಕ ಕೊಟ್ಟರು. ಸಂಜೆ ಹೊತ್ತಿಗೆ ಕಣ್ಣು ಬಿಟ್ಟವನು ಮೊದಲು ಕೇಳಿದ್ದು, "ನನ್ನ ಗಾಡಿ ಯಾರು ಬಿಟ್ಟದ್ದು?"

"ನಾನೇ. ಎಂತ ಆಗಿದ್ರೂ ನಾನು ಸರಿ ಮಾಡಿಸಿ ಕೊಡ್ತೇನೆ," ಎಂದರು ಹಮೀದಾಕ. ಮತ್ತೆ ಕಾರಿಡಾರಿಗೆ ಹೋಗಿ, ಇನ್ನು ಮೀನಿನ ಕಸ ಟ್ಯಾಂಕಿಗೆ ಹಾಕಬೇಡಿ ಎಂದು ಗೋದಾಮಿಗೆ ಫೋನ್ ಮಾಡಿದರು.

ಈಗ ಮೀನಿನ ಕಸ ಮೀನುಹಿಟ್ಟಿನ ಕಾರ್ಖಾನೆಗೆ ಹೋಗುತ್ತದೆ. ಟ್ಯಾಂಕಿಗೆ ಮತ್ತೆ ತರಕಾರಿ ಕಸವೇ. ಗುಂಡಿಗೆ ಕಬ್ಬಿಣದ ಜಾಲರಿ ಬಂದಿದೆ. ದಿನೇಶ ಚೆನ್ನಾಗಿದ್ದಾನೆ.

ಆ ನಾತವನ್ನು ನಾನು ಬಹುಮಟ್ಟಿಗೆ ಮರೆತಿದ್ದೇನೆ. ವಾಸನೆ ಹೋಯಿತೆಂದು ಗುಂಡಿಯ ಬಳಿ ಎಳೆದುಕೊಂಡ ಆ ಒಂದು ಉಸಿರು ಮಾತ್ರ ಈಗಲೂ ನೆನಪಾಗಿ ಹೆದರಿಸುತ್ತದೆ. ಅಷ್ಟು ಹಾಯಾಗಿತ್ತು ಅದು.