ಹೊಸ ಭಟ್ಟಿ ಬಂದ ವರ್ಷದ ಆಯುಧಪೂಜೆ

ಕೊರೊನಾ ಕಳೆದು ಅಂಗಡಿ ಮುಂಗಟ್ಟು ಪೂರ್ತಿ ತೆರೆದ ಮೇಲಿನ ಮಾತು. ಕುಶಾಲನಗರದ ಹತ್ತಿರ, ನಮ್ಮ ಮನೆಯ ಹಿಂದೆಯೇ ಅಲ್ಯೂಮಿನಿಯಂ ಎರಕದ ಶೆಡ್ಡು. ಯಜಮಾನರು ಅದರ ಮಾಲೀಕರು. ನನಗೆ ಹುದ್ದೆ ಅಂತ ಯಾರೂ ಕೊಟ್ಟಿಲ್ಲ. ಕೆಲಸದವರಿಗೆ ಊಟ, ಶೆಡ್ಡಿನ ದೇವರ ಪಟಕ್ಕೆ ಹೂವು, ಅಚ್ಚಿನ ಮಣ್ಣು ಜರಡಿ ಹಿಡಿಯುವುದು, ಇವು ನನ್ನವು.

ಕಾಫಿ ಎಸ್ಟೇಟಿನವರು ಗುಜರಿಗೆ ಹಾಕಿದ ಹಳೆಯ ಸ್ಪ್ರಿಂಕ್ಲರ್ ಪೈಪು ಕರಗಿಸಿ, ಪೈಪಿಗೆ ಪೈಪು ಸೇರಿಸುವ ಕಪ್ಲಿಂಗ್ ಎರಕ ಹೊಯ್ಯುತ್ತೇವೆ. ಆದರೆ ಕೊಯಮತ್ತೂರಿನ ಮಾಲು ನಮ್ಮದಕ್ಕಿಂತ ಅಗ್ಗ. ನಮ್ಮ ಡೀಸೆಲ್ ಭಟ್ಟಿಯೋ ಎಣ್ಣೆ ಕುಡಿಯುತ್ತಿತ್ತು. ಬೆಂಕಿ ನೇರವಾಗಿ ತಾಗಿ ಲೋಹವೂ ಸುಟ್ಟು ಕಿಟ್ಟವಾಗುತ್ತಿತ್ತು. ಸಾಲ ಮಾಡಿ ಕರೆಂಟಿನ ಭಟ್ಟಿ ತಂದೆವು. ಹೊಗೆಯಿಲ್ಲ, ಕಿಟ್ಟ ಕಡಿಮೆ, ಖರ್ಚೂ ಇಳಿಯಿತು.

ಪಾಲಿಬೆಟ್ಟದ ಎಸ್ಟೇಟ್ ಮ್ಯಾನೇಜರ್ ಬಂದು ನೋಡಿ, "ದೀಪಾವಳಿ ಒಳಗೆ ಕಪ್ಲಿಂಗ್ ಸ್ಯಾಂಪಲ್ ಕೊಡಿ, ಸರಿಹೋದ್ರೆ ಆರ್ಡರ್ ನಿಮಗೇ. ಇಲ್ಲಾಂದ್ರೆ ಕೊಯಮತ್ತೂರಿನದ್ದೇ ತರಿಸ್ತೀನಿ" ಅಂದರು. ಆ ಆರ್ಡರ್ ತಪ್ಪಿದರೆ ಶೆಡ್ಡಿನ ಬಾಗಿಲು ಹಾಕಬೇಕಿತ್ತು.

ಅಷ್ಟರಲ್ಲಿ ಆಯುಧಪೂಜೆ ಬಂತು. ಪ್ರತಿ ವರ್ಷದಂತೆ ಶೆಡ್ಡು, ಸಾಮಾನು, ರಾಶಿ ಬಿದ್ದ ಪೈಪು ಎಲ್ಲವನ್ನೂ ತೊಳೆದು ಅರಿಶಿನ ಕುಂಕುಮ ಇಟ್ಟೆವು. ಭಟ್ಟಿಯ ಮುಂದೆ ಕುಂಬಳಕಾಯಿ ಒಡೆದಾಯಿತು. ಲೋಹ ಕರಗಿಸುವ ಮೊಯ್ದಣ್ಣ ಸುಂಟಿಕೊಪ್ಪದವರು, ಮನೆಮಾತು ಮಲಯಾಳ. ಸಿಹಿ ತಿನ್ನುತ್ತಾ ಹೊಸ ಭಟ್ಟಿಯನ್ನು ತೋರಿಸಿ, "ಹೊಸ ಮದುಮಗಳಿಗೆ ಇಷ್ಟು ಕುಂಕುಮ ಸಾಕಾ ಅಕ್ಕಾ?" ಅಂತ ನಗಿಸಿದರು.

ವಿಜಯದಶಮಿಯ ಮರುದಿನ ಬೆಳಿಗ್ಗೆ, ಹಬ್ಬ ಕಳೆದ ಮೇಲಿನ ಮೊದಲ ಎರಕ. ಕರಗಿದ ಲೋಹಕ್ಕೆ ಮೊಯ್ದಣ್ಣ ಮಡಚಿದ ಪೈಪಿನ ತುಂಡೊಂದನ್ನು ಇಳಿಸಿದರು. ಢಂ ಅಂತ ಸದ್ದು. ಲೋಹ ಚಿಮ್ಮಿ ಮೇಲೆ ಮಾಡಿನ ಶೀಟಿಗೆ ಅಂಟಿತು. ಪೈಪು ಮಡಚಿದ ಕಡೆ ಒಳಗೆ ನೀರು ನಿಂತಿತ್ತು. ಅಷ್ಟು ಕಾವಿನಲ್ಲಿ ಸಿಕ್ಕಿಕೊಂಡ ನೀರು ಒಮ್ಮೆಲೇ ಆವಿಯಾಗಿ ಲೋಹವನ್ನು ಎರಚಿಬಿಡುತ್ತದೆ. ಮೊಯ್ದಣ್ಣನಿಗೆ ಕನ್ನಡಕ, ಚರ್ಮದ ಏಪ್ರನ್ ಇತ್ತು. ಮೊಣಕೈ ಹತ್ತಿರ ಮಾತ್ರ ಸುಟ್ಟು ಬೊಬ್ಬೆ ಬಂತು. ಕಣ್ಣು ಉಳಿಯಿತಲ್ಲ, ಕಾವೇರಮ್ಮನಿಗೆ ಅಲ್ಲೇ ಕೈ ಮುಗಿದೆ.

ಆಸ್ಪತ್ರೆಯಿಂದ ಪಟ್ಟಿ ಕಟ್ಟಿಸಿಕೊಂಡು ಬಂದ ಮೊಯ್ದಣ್ಣ, "ಇದರ ಮುಂದೆ ನಾನಿನ್ನು ನಿಲ್ಲಲ್ಲ. ಹಳೇದು ಒಂದು ದಿನಾನೂ ಹೀಗೆ ಉಗುಳಿಲ್ಲ" ಅಂದರು.

ಯಜಮಾನರಿಗೆ ರೇಗಿತು. "ಮೆಷಿನ್‌ದೇನು ತಪ್ಪು? ಪೈಪಿಗೆ ನೀರು ಹೊಯ್ದಿದ್ದು ತಪ್ಪು. ಇವಳ ಪೂಜೆ!"

ಮೊಯ್ದಣ್ಣನೇ ಕೇಳಿದರು: "ಪ್ರತಿ ವರ್ಷ ತೊಳೀತಿರಲಿಲ್ವಾ ಸಾರ್? ಆಗ ಯಾಕೆ ಸಿಡೀಲಿಲ್ಲ?"

ಯಜಮಾನರು ಎದ್ದು ಹೋಗಿ ಮೂಲೆಯಲ್ಲಿದ್ದ ಹಳೆಯ ಭಟ್ಟಿಯ ಹೊಗೆ ಹೋಗುವ ಬಾಯಿ ಮುಟ್ಟಿ ನೋಡಿದರು. "ಪೈಪೆಲ್ಲ ಮೊದಲು ಇಲ್ಲಿ ಪೇರಿಸಿಡ್ತಿದ್ವಲ್ಲ..." ಅಂದರು. "ಹೊರಗೆ ಹೋಗೋ ಬಿಸಿ ಹೊಗೆ ತಾಗಿ ತಾಗಿ..."

"ಒಣಗೋದು!" ಅಂದರು ಮೊಯ್ದಣ್ಣ.

ಜಾಗ ಸಾಲದು ಅಂತ ಅಲ್ಲಿ ಇಡುತ್ತಿದ್ದದ್ದು, ಒಣಗಲಿ ಅಂತ ಅಲ್ಲ. ವ್ಯರ್ಥ ಅಂತ ನಾವು ಬೈದುಕೊಂಡಿದ್ದ ಹೊಗೆ, ಯಾರೂ ಹೇಳದೆ ಪೈಪನ್ನು ಒಣಗಿಸುತ್ತಿತ್ತು. ಹೊಸದಕ್ಕೆ ಹೊಗೆಯೇ ಇಲ್ಲ.

ಒಣಗಿಸಲು ಇನ್ನೊಂದು ಮೆಷಿನ್ ಅಂದರೆ ಉಳಿತಾಯವೆಲ್ಲ ಅದಕ್ಕೇ ಹೋದೀತು. ನಾನು ಹೇಳಿದೆ, "ನಮ್ಮ ಬಚ್ಚಲ ಒಲೆ ದಿನವೂ ಉರಿಯುತ್ತಲ್ಲ. ಮೇಲೊಂದು ಕಬ್ಬಿಣದ ಅಟ್ಟ ಹೊಡೆಸಿ, ಪೈಪು ಅಲ್ಲಿಡೋಣ."

"ಪೈಪಿಗೆ ಸ್ನಾನವೂ ನಿಮ್ಮದೇ, ಬಚ್ಚಲೂ ನಿಮ್ಮದೇ" ಅಂತ ಮೊಯ್ದಣ್ಣ ನಕ್ಕರು. ಆದರೂ ಅಟ್ಟ ಹೊಡೆದ ಮೇಲೆ ಪೈಪು ಮಡಚಿದ ಕಡೆಯನ್ನೆಲ್ಲ ಕತ್ತರಿಸಿ ಬಿಡಿಸಿ, ಒಂದೊಂದೂ ಕಾದಿದೆಯೋ ಅಂತ ತಾವೇ ನೋಡಿಕೊಂಡರು. ಕೈ ಮಾಗಿದ ಮೇಲೆ ಭಟ್ಟಿಯ ಮುಂದೆ ನಿಂತರು. ಅವರು ಬಿಸ್ಮಿಲ್ಲಾ ಅಂದರು, ನಾನು ಬಾಗಿಲಲ್ಲಿ ಕಾವೇರಮ್ಮನನ್ನು ನೆನೆದೆ. ಲೋಹ ಸದ್ದಿಲ್ಲದೆ ತುಂಡನ್ನು ಒಳಗೆಳೆದುಕೊಂಡಿತು.

ಸ್ಯಾಂಪಲ್ ಹೋಯಿತು. ಮ್ಯಾನೇಜರ್ ಅರ್ಧ ಆರ್ಡರ್ ಮಾತ್ರ ನಮಗೆ ಕೊಟ್ಟರು. ಉಳಿದರ್ಧ ಕೊಯಮತ್ತೂರಿಗೇ ಹೋಯಿತು. ಶೆಡ್ಡಿನ ಬಾಗಿಲು ಮುಚ್ಚದಿರಲು ಆ ಅರ್ಧ ಸಾಕಾಯಿತು.

ಹೊಸದು ತರಬೇಕು, ಇಲ್ಲದಿದ್ದರೆ ಹೊಟ್ಟೆಪಾಡು ನಡೆಯದು. ಆದರೆ ಹಳೆಯದನ್ನು ಮೂಲೆಗೆ ತಳ್ಳುವ ಮುಂಚೆ, ಇದು ನಮಗೆ ತಿಳಿಯದಂತೆ ಏನೇನು ಮಾಡಿಕೊಡುತ್ತಿತ್ತು ಅಂತ ಒಂದು ಗಳಿಗೆ ನಿಂತು ಕೇಳಿಕೊಳ್ಳಬೇಕು. ನಾವು ಕೇಳಿಕೊಂಡದ್ದು ತಡವಾಗಿ. ದೇವರು ಬೊಬ್ಬೆಯೊಂದರಲ್ಲೇ ಬಿಟ್ಟ.