ಕಂಬಳಿಯವನ ಕಡೆಯ ಮಾಳಿಗೆ

ಸಮರ್ಥ, ಭೂಮಿ,

ಮೊನ್ನೆ ಸಮರ್ಥ ಮೊಬೈಲಿನಲ್ಲಿ ಮಾಳಿಗೆಯಿಂದ ಮಾಳಿಗೆಗೆ ಹಾರುವವನ ಒಂದು ಹಳೆಯ ಆಟ ಹುಡುಕಿ ತೆಗೆದು, "ಆಯಿ, ಇದರ ಕಡೀಕ್ ಏನಾಗ್ತೈತಿ ತೋರಸ್ಲೇನು?" ಅಂದಾಗ ನಾನು ಬೇಡವೆಂದು ಎದ್ದು ಒಳಗೆ ಹೋದೆ. ಅವನ ಮುಖ ಸಪ್ಪಗಾಯಿತು. ಎದುರು ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ನಿಮ್ಮ ಅಜ್ಜನಿಗೂ ಇದನ್ನು ಹೇಳಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಸಣ್ಣವಳಿದ್ದಾಗ ಗಜೇಂದ್ರಗಡದ ನಮ್ಮ ಓಣಿಯಲ್ಲಿ ಬೆಳಗಾಗುತ್ತಿದ್ದುದೇ ಮಗ್ಗದ ಸದ್ದಿನಿಂದ. ನಮ್ಮಪ್ಪ ಸೀರೆ ನೇಯುತ್ತಿದ್ದ. ಎದುರುಮನೆಯ ಶಮಶಾದಳ ಅಪ್ಪ ಗಾದಿ ಹೊಲಿಯುತ್ತಿದ್ದ. ಅವರ ಮನೆಯಲ್ಲಿ ಹತ್ತಿಯ ಎಳೆ ಸದಾ ತೇಲಾಡುತ್ತಿತ್ತು. ಚಹಾ ಕುಡಿದರೂ ನಾಲಿಗೆಗೆ ಹತ್ತಿ ಸಿಗುತ್ತಿತ್ತು. ನಾನು ಆರನೆಯ ಇಯತ್ತೆ ಮುಗಿಸಿದ ಬೇಸಿಗೆ ಸೂಟಿಯಲ್ಲಿ ಅವಳ ಮಾಮಾ ಮುಂಬೈಯಿಂದ ಟೀವಿಗೆ ಹಚ್ಚುವ ಆಟದ ಡಬ್ಬಿ ತಂದುಕೊಟ್ಟ. ಜೊತೆಗೆ ಒಂದೇ ಒಂದು ಕ್ಯಾಸೆಟ್ಟು. ಯಾವುದೋ ಇಂಗ್ಲಿಷ್ ಕಾಮಿಕ್ಸ್ ಪುಸ್ತಕ ಸಿನಿಮಾ ಆಗಿ, ಆ ಸಿನಿಮಾ ಆಟವಾಗಿತ್ತಂತೆ. ಪುಸ್ತಕವನ್ನೂ ಸಿನಿಮಾವನ್ನೂ ನಾವು ಕಂಡವರಲ್ಲ.

ಮುಸುಕಿನವನೊಬ್ಬ ಮಳೆಯಲ್ಲಿ ಓಡುತ್ತ, ಎದುರಾದವರನ್ನು ಗುದ್ದುತ್ತ, ಮಾಳಿಗೆಯಿಂದ ಮಾಳಿಗೆಗೆ ಹಾರುತ್ತಿದ್ದ. ಬೆನ್ನ ಮೇಲೆ ಉದ್ದನೆಯ ಕರಿ ಬಟ್ಟೆ. ಅದು ಕಂಬಳಿಯೆಂದೇ ನಾವು ತಿಳಿದಿದ್ದೆವು. ಮಳೆ ಬಂದಿದೆ, ಕುರುಬ ಕಂಬಳಿ ಹೊದ್ದಿದ್ದಾನೆ, ಅಷ್ಟೇ.

"ಇವನ ಕುರಿ ಎಲ್ಲಿ ಅದಾವ?" ಎಂದು ಕೇಳಿದೆ.

"ಕಳ್ರು ಹೊಡ್ಕೊಂಡ್ ಹೋಗ್ಯಾರ. ಅದಕ್ಕ ಎಲ್ಲಾರ್ನೂ ಹಿಂಗ ಬಡಿಯಾಕತ್ತಾನ," ಎಂದಳು ಶಮಶಾದ.

ಎರಡು ರಿಮೋಟುಗಳಲ್ಲಿ ಒಂದು ಕೆಟ್ಟಿತ್ತು. ಉಳಿದ ಒಂದನ್ನೇ ಇಬ್ಬರೂ ಹಿಡಿಯುತ್ತಿದ್ದೆವು. ಎಡಗಡೆ ಒತ್ತಿ ಓಡಿಸುವವಳು ಅವಳು, ಬಲಗಡೆ ಒತ್ತಿ ಹಾರಿಸುವವಳು ನಾನು. "ಹಾರಸ, ಹಾರಸ! ನಿದ್ದಿ ಮಾಡಾಕತ್ತಿ ಏನ?" ಎಂದು ಬೈಯುವಳು. ಹತ್ತಿ ಸಿಕ್ಕು ಕ್ಯಾಸೆಟ್ ನಿಂತರೆ ತೆಗೆದು ಊದಬೇಕು. ಅವಳ ತಾಯಿಯನ್ನು ನಾನು ಚಾಚಿ ಅನ್ನುತ್ತಿದ್ದೆ. ಅವರು ಹುರಿದ ಶೇಂಗಾ, ಬೆಲ್ಲ ತಂದಿಟ್ಟರೆ, ಖಾಲಿ ಇದ್ದ ಕೈಯಿಂದ ಒಬ್ಬರ ಬಾಯಿಗೊಬ್ಬರು ಹಾಕುತ್ತಿದ್ದೆವು.

ಕರೆಂಟು ಹೋದರೆ ಎಲ್ಲ ಮೊದಲಿನಿಂದ. ಅಂತೂ ಒಂದು ಮಧ್ಯಾಹ್ನ ಎಲ್ಲಕ್ಕಿಂತ ಎತ್ತರದ, ಕಡೆಯ ಮಾಳಿಗೆಗೆ ಬಂದೆವು. ಇನ್ನು ಉಳಿದವನು ಒಬ್ಬನೇ ವೈರಿ. ಅಷ್ಟರಲ್ಲಿ ನನಗೆ ಕಿಬ್ಬೊಟ್ಟೆ ಹಿಂಡಿದಂತಾಯಿತು. ಶಮಶಾದ ಆಟವನ್ನು ಇದ್ದಲ್ಲೇ ನಿಲ್ಲಿಸುವ ಗುಂಡಿ ಒತ್ತಿದಳು.

"ಲಗೂ ಹೋಗಿ ಬಾ. ನೀ ಬರೂತನಾ ನಾ ಮುಟ್ಟಂಗಿಲ್ಲ."

ನಾನು ತಿರುಗಿ ಹೋಗಲಿಲ್ಲ. ಆ ಸಂಜೆ ನನ್ನನ್ನು ಮೂಲೆಯಲ್ಲಿ ಚಾಪೆಯ ಮೇಲೆ ಕೂರಿಸಿದರು. ಓಣಿಯ ಹೆಂಗಸರು ಬಂದು ಆರತಿ ಮಾಡಿ, ಕೊಬ್ಬರಿ ಬೆಲ್ಲ ತಿನಿಸಿ ಹಾಡಿದರು. ನಾನು ಅಳುತ್ತಿದ್ದೆ. ನಾಚಿ ಅಳುತ್ತಾಳೆಂದು ಎಲ್ಲರೂ ನಕ್ಕರು. ನನಗೆ ಮಾಳಿಗೆಯ ಮೇಲೆ ಮಳೆಯಲ್ಲಿ ನಿಂತಿದ್ದವನ ಚಿಂತೆ.

ಮರುದಿನ ಶಮಶಾದ ಕರೆಯಲು ಬಂದಳು. ನಮ್ಮ ಅಪ್ಪನ ತಾಯಿ, ಆಯಿ, ಅವಳನ್ನು ಹೊಸ್ತಿಲಲ್ಲೇ ತಡೆದಳು.

"ಗಿರ್ಜಿ ಇನ್ನ ಆಟಕ್ಕ ಬರಂಗಿಲ್ಲವಾ. ದೊಡ್ಡಾಕಿ ಆಗ್ಯಾಳ."

"ಎಷ್ಟ್ ದೊಡ್ಡಾಕಿ ಆಗ್ಯಾಳ್ರೀ ಆಯಿ? ನಿನ್ನಿ ನನ್ನಷ್ಟ ಇದ್ಲಲ್ಲ?"

ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು ನನಗಿಂತ ಸಣ್ಣವಳು, ಆ ಮಾತಿನ ಅರ್ಥ ಅವಳಿಗೆ ನಿಜಕ್ಕೂ ತಿಳಿದಿರಲಿಲ್ಲ. ಕತ್ತು ಚಾಚಿ, "ಗಿರ್ಜೀ, ಅಲ್ಲೇ ನಿಂದರ್ಸೇನಿ!" ಎಂದು ಕೂಗಿದಳು. ನಾನು ಬಾಯಿ ತೆರೆದೆ. ಅವ್ವ ಕಣ್ಣು ಬಿಟ್ಟಳು.

ಆರತಿಯ ದಿನಗಳು ಮುಗಿದ ಮೇಲೂ ನನ್ನನ್ನು ಹೊರಗೆ ಬಿಡಲಿಲ್ಲ. ಸಾಲೆಯನ್ನೂ ಬಿಡಿಸಿ, ಅಪ್ಪನ ಮಗ್ಗದ ಪಕ್ಕ ನೂಲು ಸುತ್ತಲು ಕೂರಿಸಿದರು. ಮಳೆಗಾಲ ಹಿಡಿಯುವ ಮುಂಚೆ ಶಮಶಾದಳ ಮನೆಯವರು ಹುಬ್ಬಳ್ಳಿಗೆ ಹೊರಟರು. ನಾನು ಕಿಟಕಿಯಲ್ಲಿದ್ದೆ. ಟೆಂಪೋದಲ್ಲಿ ಗಾದಿಗಳ ಮೇಲೆ, ಡಬ್ಬಿಯನ್ನು ಎದೆಗವಚಿಕೊಂಡು ಅವಳು ಕೂತಿದ್ದಳು. ಅವಳು ನಮ್ಮ ಬಾಗಿಲನ್ನು ನೋಡುತ್ತಿದ್ದಳು, ಕಿಟಕಿಯನ್ನು ನೋಡಲಿಲ್ಲ.

ನಾನು ಮದುವೆಯಾಗಿ ನರಗುಂದಕ್ಕೆ ಬಂದು, ಮಕ್ಕಳಾದ ಮೇಲೆ, ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಚಾಚಿ ಸಿಕ್ಕರು. ಗುರುತು ಹೇಳಿ, "ಶಮಶಾದ ಹ್ಯಾಂಗದಾಳ್ರಿ?" ಎಂದೆ. ಅವರು ನನ್ನ ಕೈ ಹಿಡಿದುಕೊಂಡರು.

"ಹೋದ್ಳವ್ವಾ. ಮೊದಲ್ನೇ ಹೆರಿಗ್ಯಾಗ. ಕೂಸೂ ಉಳೀಲಿಲ್ಲ."

ಆಮೇಲೆ ಕಣ್ಣೊರೆಸಿಕೊಂಡು, ಸುಮ್ಮನೆ ನೆನಪಾಯಿತೆಂಬಂತೆ ಹೇಳಿದರು: "ಆ ಸೂಟಿಯೊಳಗ ಆಕಿ ಎರಡೂ ಕಡೆ ಒಬ್ಬಾಕೀನ ಒತ್ತೂದು ಕಲ್ತಿದ್ಲು. ದಿನಾ ಮೊದಲಿಂದ ಆಡಾಕಿ, ಆ ಎತ್ತರದ ಮಾಳಗಿಗೆ ಬಂದು ನಿಂದರಸಾಕಿ. ಕರೆಂಟ್ ಹೋದ್ರ ಮತ್ತ ಮೊದಲಿಂದ. ಮುಗಸಿಬಿಡ ಹುಡುಗಿ ಅಂದ್ರ, ಗಿರ್ಜಿ ಬರ್ಲಿ ತಡಿ ಅಮ್ಮೀ, ಅನ್ನಾಕಿ. ಹುಬ್ಬಳ್ಳಿಗೆ ಹೋದ ಮ್ಯಾಲೂ ಹಂಗ."

ಬಸ್ಸು ಬಂತು. ಚಾಚಿ ಹತ್ತಿದರು. ನಾನು ಯಾಕೆ ಅಲ್ಲಿಗೆ ಬಂದಿದ್ದೆ ಎನ್ನುವುದೇ ಮರೆತುಹೋಗಿತ್ತು.

ಈಗ ಆ ಓಣಿಯಲ್ಲಿ ಮಗ್ಗಗಳು ಕಡಿಮೆಯಾಗಿವೆ. ಗಾದಿ ಹೊಲಿಸುವವರೂ ಅಪರೂಪ. ಅದಕ್ಕೆಲ್ಲ ನನಗೆ ಅಷ್ಟು ಸಂಕಟವಿಲ್ಲ. ಗೆಲ್ಲುವ ಆಟವನ್ನು ನನಗಾಗಿ ನಿಲ್ಲಿಸಿಕೊಂಡು ಕೂತವರು ಮತ್ತೊಬ್ಬರು ಸಿಗಲಿಲ್ಲ.

ಮಕ್ಕಳೇ, ಚಾಚಿಯೂ ಈಗಿಲ್ಲ. ಶಮಶಾದಳ ಒಂದು ಫೋಟೋ ಕೂಡ ನನ್ನ ಬಳಿ ಇಲ್ಲ. ಅವಳನ್ನು ಆಯಿ ಎಂದು ಕರೆಯುವ ಮೊಮ್ಮಕ್ಕಳು ಹುಟ್ಟಲೇ ಇಲ್ಲ. ಅವಳನ್ನು ನೆನೆಯಲು ನಾನೊಬ್ಬಳು ಇದ್ದೇನೆ. ನನ್ನ ನಂತರ ನೀವು. ಈ ಹಾಳೆಗಳನ್ನು ಜೋಪಾನವಾಗಿಡಿ.